ಬಿಳಿಚುವ ಬೆರಳಿಗಿಂತ ಕೈಗೆ ಸಿಗದ ಅಂಗಿಯ ಗುಂಡಿಯೇ ಹೆಚ್ಚು ಚಿಂತೆಯ ವಿಷಯ

ಪ್ರಶ್ನೆ: ನನಗೆ ಈಗ 38 ವರ್ಷ. ಹದಿಮೂರು ವರ್ಷಗಳಿಂದ ಕಾಡಿನಲ್ಲಿ ಮರ ಉರುಳಿಸುವ, ಕೊಂಬೆ ಸವರುವ ಕೆಲಸದಲ್ಲಿದ್ದೇನೆ. ದಿನಕ್ಕೆ ಏನಿಲ್ಲವೆಂದರೂ ಐದು ಗಂಟೆ ಚೈನ್ ಗರಗಸ ಕೈಯಲ್ಲಿ ಓಡುತ್ತಿರುತ್ತದೆ. ಎರಡು ಚಳಿಗಾಲಗಳಿಂದ ಬೆಳಗಿನ ಹೊತ್ತು ಎಡಗೈಯ ಮಧ್ಯದ ಬೆರಳು ಮತ್ತು ಉಂಗುರದ ಬೆರಳಿನ ತುದಿ ಸುಣ್ಣ ಬಳಿದಂತೆ ಬಿಳಿಚಿಕೊಳ್ಳುತ್ತದೆ. ಅರ್ಧ ಗಂಟೆಯಾದ ಮೇಲೆ ನೀಲಿಗಟ್ಟಿ, ಆಮೇಲೆ ಕೆಂಪಾಗಿ ಉರಿಯುತ್ತದೆ. ಈಚೆಗೆ ರಾತ್ರಿ ಎರಡೂ ಕೈ ಜೋಮು ಹಿಡಿದು ಎಚ್ಚರವಾಗುತ್ತದೆ. ಅಂಗಿಯ ಗುಂಡಿ ಹಾಕಿಕೊಳ್ಳಲು ಕಣ್ಣಿಟ್ಟು ನೋಡಬೇಕು, ಕೈಗೆ ತಿಳಿಯುವುದಿಲ್ಲ. ಜೊತೆಯವರು ಇದು ನರದೌರ್ಬಲ್ಯ, ದಪ್ಪ ಗ್ಲೌಸ್ ಹಾಕಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಇನ್ನೊಂದು ವಿಷಯ: ಮೂರು ವಾರದ ಹಿಂದೆ ಕೊಂಬೆ ಸವರುವಾಗ ಬಾರಿನ (ಚೈನ್ ಸುತ್ತುವ ಉದ್ದನೆಯ ಲೋಹದ ಪಟ್ಟಿಯ) ತುದಿ ತಾಗಿ ಗರಗಸ ಮುಖದ ಕಡೆಗೆ ಚಿಮ್ಮಿತು. ಚೈನನ್ನು ತಟ್ಟನೆ ನಿಲ್ಲಿಸುವ ಚೈನ್ ಬ್ರೇಕ್ ಬಿದ್ದದ್ದರಿಂದ ಉಳಿದುಕೊಂಡೆ. ಆಗ ಎಡಗೈ ಹೆಬ್ಬೆರಳು ಹಿಡಿಯ ಸುತ್ತ ಇರಲೇ ಇಲ್ಲವೆಂದು ಆಮೇಲೆ ಗೊತ್ತಾಯಿತು. ನಮಗೆ ಕಡಿದಷ್ಟಕ್ಕೆ ಕೂಲಿ. ಮೇಲಿನವರಿಗೆ ಹೇಳಿದರೆ ಕೆಲಸ ಹೋಗುತ್ತದೆಯೇ? ಈ ಕೆಲಸ ಬಿಡಲೇಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ಬೆರಳಿನ ತೊಂದರೆಯನ್ನು ಒಂದು ಕಾಯಿಲೆಯೆಂದೂ, ಗರಗಸ ಚಿಮ್ಮಿದ್ದನ್ನು ‘ಇನ್ನೊಂದು ವಿಷಯ’ವೆಂದೂ ಬೇರೆ ಬೇರೆಯಾಗಿ ಬರೆದಿದ್ದೀರಿ. ವೃತ್ತಿ ಆರೋಗ್ಯದ ವೈದ್ಯನಾಗಿ ಮರ ಕಡಿಯುವವರ ಕೈಗಳನ್ನು ವರ್ಷಗಟ್ಟಲೆ ನೋಡಿರುವ ನನಗೆ ಇವೆರಡೂ ಒಂದೇ ವಿಷಯವಾಗಿ ಕಾಣುತ್ತಿವೆ. ಹಿಡಿ ಕೈಯಲ್ಲಿ ಸರಿಯಾಗಿ ಕುಳಿತಿದೆಯೇ ಇಲ್ಲವೇ ಎಂದು ತಿಳಿಸಬೇಕಾದ ಬೆರಳುಗಳು ಆ ದಿನ ತಿಳಿಸಲಿಲ್ಲ. ಕೈಯನ್ನು ಮುಟ್ಟಿ ಪರೀಕ್ಷಿಸದೆ ರೋಗನಿರ್ಣಯ ಮಾಡುವುದು ಸರಿಯಲ್ಲವಾದರೂ, ನೀವು ಕೊಟ್ಟಿರುವ ವಿವರಗಳು ಕಂಪಿಸುವ ಉಪಕರಣ ಹಿಡಿಯುವವರಿಗೆ ಬರುವ ಕೈ-ತೋಳಿನ ಕಂಪನ ರೋಗಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತವೆಯೆಂದರೆ, ಬೇರೆ ಕಾರಣವಿಲ್ಲವೆಂದು ಖಚಿತವಾಗುವವರೆಗೆ ಅದೇ ಇರಬಹುದೆಂದು ಭಾವಿಸಿ ನಡೆದುಕೊಳ್ಳುವುದು ಕ್ಷೇಮ.

ಮೊದಲು ‘ನರದೌರ್ಬಲ್ಯ’ದ ಮಾತು. ಇದು ದೇಹದ ಬಲಹೀನತೆಯೂ ಅಲ್ಲ, ವಯಸ್ಸಿನ ಲಕ್ಷಣವೂ ಅಲ್ಲ. ಟಾನಿಕ್ಕಿನಿಂದಲೋ ಚುಚ್ಚುಮದ್ದಿನಿಂದಲೋ ಹೋಗುವಂಥದ್ದೂ ಅಲ್ಲ. ಚಳಿಗೆ ಬೆರಳು ಬಿಳಿಚುವುದನ್ನು ಫ್ರೆಂಚ್ ವೈದ್ಯ ಮೊರಿಸ್ ರೇನೊ 1862ರಲ್ಲಿಯೇ ವಿವರಿಸಿದ್ದ. ಅದಕ್ಕೂ ಕಂಪಿಸುವ ಉಪಕರಣಗಳಿಗೂ ಇರುವ ಸಂಬಂಧವನ್ನು 1911ರಲ್ಲಿ ಇಟಲಿಯ ಲೊರಿಗಾ ಗುರುತಿಸಿದ. 1918ರಲ್ಲಿ ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಇಂಡಿಯಾನಾದ ಸುಣ್ಣಕಲ್ಲಿನ ಗಣಿಗಳಲ್ಲಿ ಗಾಳಿಯೊತ್ತಡದ ಸುತ್ತಿಗೆ ಹಿಡಿಯುತ್ತಿದ್ದವರ ಕೈಗಳನ್ನು ಪರೀಕ್ಷಿಸಿ ಅದನ್ನು ಸವಿವರವಾಗಿ ದಾಖಲಿಸಿದರು. ಎರಡನೇ ಮಹಾಯುದ್ಧದ ನಂತರ ಒಬ್ಬನೇ ಎತ್ತಿ ಬಳಸಬಹುದಾದ ಚೈನ್ ಗರಗಸ ಕಾಡಿಗೆ ಬಂದಮೇಲೆ ಗಣಿಯ ಈ ರೋಗ ಮರ ಕಡಿಯುವವರ ರೋಗವೂ ಆಯಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ವೃತ್ತಿರೋಗಗಳ ಪಟ್ಟಿಯಲ್ಲಿ ಕಂಪನದಿಂದ ಬರುವ ರೋಗಗಳಿಗೆ ಪ್ರತ್ಯೇಕ ಸ್ಥಾನವಿದೆ. ಅಂದರೆ ನಿಮ್ಮ ಬೆರಳಿಗೆ ಆಗಿರುವುದು ಕೆಲಸದಿಂದ ಆದ ಗಾಯ. ರಕ್ತ ಸುರಿಯಲಿಲ್ಲ ಎಂಬ ಕಾರಣಕ್ಕೆ ಅದು ಗಾಯವಲ್ಲ ಎನ್ನಲಾಗದು.

ಒಳಗೆ ನಡೆಯುವುದೇನು ಎಂಬುದು ಮುಂದಿನ ನಿರ್ಧಾರಕ್ಕೆ ಮುಖ್ಯವಾದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಕಂಪನ ಕೈಯಲ್ಲಿ ಎರಡು ಬೇರೆ ಬೇರೆ ವ್ಯವಸ್ಥೆಗಳನ್ನು ಕೆಡಿಸುತ್ತದೆ, ಮತ್ತು ಅವೆರಡೂ ಕೆಡುವ ವೇಗವಾಗಲಿ ಚೇತರಿಸಿಕೊಳ್ಳುವ ರೀತಿಯಾಗಲಿ ಒಂದೇ ಅಲ್ಲ. ಮೊದಲನೆಯದು ರಕ್ತನಾಳ. ಬೆರಳಿನ ಸಣ್ಣ ಅಪಧಮನಿಗಳ ಒಳಪದರಕ್ಕೆ ಪೆಟ್ಟು ಬಿದ್ದು, ಅವುಗಳ ಗೋಡೆಯ ಸ್ನಾಯು ದಪ್ಪಗಾಗಿ, ಚಳಿ ಅಥವಾ ತೇವ ತಾಗಿದ ಕೂಡಲೇ ಅವು ಅತಿಯಾಗಿ ಮುಚ್ಚಿಕೊಳ್ಳುತ್ತವೆ. ರಕ್ತ ನಿಂತಾಗ ಬಿಳಿ, ನಿಂತ ರಕ್ತದಲ್ಲಿ ಆಮ್ಲಜನಕ ಮುಗಿದಾಗ ನೀಲಿ, ನಾಳ ಮತ್ತೆ ತೆರೆದಾಗ ಕೆಂಪು ಮತ್ತು ಉರಿ: ನೀವು ಬರೆದ ಮೂರು ಬಣ್ಣಗಳ ಅರ್ಥ ಇಷ್ಟು. ಇದು ಗರಗಸ ಓಡುವಾಗಲೇ ಬರಬೇಕೆಂದಿಲ್ಲ. ರಜೆಯ ದಿನ ಬೆಳಿಗ್ಗೆ ತಣ್ಣೀರಿನಲ್ಲಿ ಕೈ ತೊಳೆಯುವಾಗ ಬರುವುದೇ ಹೆಚ್ಚು. ‘ಕೆಲಸದಿಂದಲೇ ಆದರೆ ಕೆಲಸ ಮಾಡುವಾಗ ಯಾಕೆ ಬರುವುದಿಲ್ಲ’ ಎಂದು ಹಲವರು ಮೋಸಹೋಗುವುದು ಇಲ್ಲಿಯೇ.

ಎರಡನೆಯದು ನರ. ಬೆರಳ ತುದಿಯಲ್ಲಿ ಸ್ಪರ್ಶವನ್ನೂ ಸಣ್ಣ ನಡುಕವನ್ನೂ ಗ್ರಹಿಸುವ ತುದಿಗಳು, ಅವುಗಳಿಂದ ಹೊರಡುವ ನರದ ಎಳೆಗಳು ಮತ್ತು ಆ ಎಳೆಗಳ ಹೊದಿಕೆ ಕಾಲಕ್ರಮದಲ್ಲಿ ಹಾಳಾಗುತ್ತವೆ. ಕನ್ನಡದಲ್ಲಿ ಇದಕ್ಕೆ ‘ಮರಗಟ್ಟುವುದು’ ಎನ್ನುತ್ತೇವೆ. ಮರ ಕಡಿಯುವವರ ಕೈಗೆ ಈ ಮಾತು ಇಷ್ಟು ನೇರವಾಗಿ ಅನ್ವಯಿಸುವುದನ್ನು ಕಂಡಾಗ ನನಗೆ ಪ್ರತಿಸಲವೂ ಕಸಿವಿಸಿಯಾಗುತ್ತದೆ. ರಕ್ತನಾಳದ ತೊಂದರೆ, ಅದರಲ್ಲೂ ಬೆರಳ ತುದಿಗಳಿಗೆ ಸೀಮಿತವಾಗಿರುವ ಹಂತದಲ್ಲಿ, ಕಂಪನ ನಿಂತರೆ ವರ್ಷಗಳ ಅವಧಿಯಲ್ಲಿ ನಿಧಾನವಾಗಿ ಕಡಿಮೆಯಾಗುವುದುಂಟು. ಧೂಮಪಾನ ಮಾಡುವವರಲ್ಲಿ ಈ ಚೇತರಿಕೆ ಕಡಿಮೆ. ನರದ ಹಾನಿ ಹಾಗಲ್ಲ. ಒಂದು ಮಟ್ಟ ದಾಟಿದ ಮೇಲೆ ಅದು ಹೆಚ್ಚಾಗಿ ಹಾಗೆಯೇ ಉಳಿದುಬಿಡುತ್ತದೆ.

ಬಿಳಿಚಿದ ಬೆರಳು ಕಣ್ಣಿಗೆ ಕಾಣುವುದರಿಂದ ನೀವು ಅದಕ್ಕೆ ಹೆದರಿದ್ದೀರಿ. ನನಗೆ ಆತಂಕವಾದದ್ದು ಅಂಗಿಯ ಗುಂಡಿಯ ವಾಕ್ಯ ಓದಿದಾಗ. 1980ರ ದಶಕದಿಂದ ವೈದ್ಯರು ಬಳಸುತ್ತಿರುವ ಸ್ಟಾಕ್‌ಹೋಮ್ ಮಾಪಕ ರಕ್ತನಾಳಕ್ಕೆ ಒಂದು, ನರಕ್ಕೆ ಇನ್ನೊಂದು ಎಂದು ಎರಡು ಪ್ರತ್ಯೇಕ ಅಂಕಗಳನ್ನು ಕೊಡುತ್ತದೆ. ಆಗಾಗ ತುದಿ ಮಾತ್ರ ಬಿಳಿಚುವುದು ರಕ್ತನಾಳದ ನಾಲ್ಕು ಹಂತಗಳಲ್ಲಿ ಮೊದಲನೆಯದು. ನರದ ಮೂರು ಹಂತಗಳಲ್ಲಿ ಬಂದುಹೋಗುವ ಜೋಮು ಮೊದಲನೆಯದು, ಸ್ಪರ್ಶಜ್ಞಾನ ಕಡಿಮೆಯಾಗುವುದು ಎರಡನೆಯದು, ಸೂಕ್ಷ್ಮ ಸ್ಪರ್ಶವೂ ಬೆರಳಿನ ಚಾತುರ್ಯವೂ ಕುಂದುವುದು ಮೂರನೆಯದು. ನೀವು ರಕ್ತನಾಳದಲ್ಲಿ ಮೊದಲ ಹಂತದಲ್ಲಿದ್ದು, ನರದಲ್ಲಿ ಅದಕ್ಕಿಂತ ಮುಂದೆ ಹೋಗಿರುವ ಸಾಧ್ಯತೆಯಿದೆ. ಒಂದೇ ಕೈಯಲ್ಲಿ ಹೀಗಾಗುವುದು ಅಪರೂಪವೇನಲ್ಲ.

ಆದರೆ ಇಲ್ಲಿ ಒಂದು ಆಶಾದಾಯಕ ಸಾಧ್ಯತೆಯನ್ನೂ ಹೇಳಬೇಕು. ರಾತ್ರಿ ಜೋಮಿನಿಂದ ಎಚ್ಚರವಾಗುವುದು ಕಂಪನ ರೋಗಕ್ಕಿಂತ ಹೆಚ್ಚಾಗಿ ಮಣಿಕಟ್ಟಿನ ಸುರಂಗದಲ್ಲಿ ನರ ಒತ್ತಿಕೊಂಡಾಗ, ಅಂದರೆ ಕಾರ್ಪಲ್ ಟನಲ್ ತೊಂದರೆಯಲ್ಲಿ, ಕಾಣಿಸುವ ಲಕ್ಷಣ. ಬಿಗಿಯಾಗಿ ಹಿಡಿಯುವ ಮತ್ತು ಕಂಪಿಸುವ ಕೆಲಸದಲ್ಲಿ ಇದೂ ಹೆಚ್ಚು. ಎರಡೂ ಒಟ್ಟಿಗೆ ಇರುವುದುಂಟು. ಜೋಮು ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಮತ್ತು ಉಂಗುರದ ಬೆರಳಿನ ಅರ್ಧಕ್ಕೆ ಸೀಮಿತವಾಗಿದ್ದು ಕಿರುಬೆರಳು ಚೆನ್ನಾಗಿದ್ದರೆ, ಕೈ ಕೊಡವಿದಾಗ ಹಗುರವೆನಿಸಿದರೆ, ಆ ಅನುಮಾನ ಬಲವಾಗುತ್ತದೆ. ಇದಕ್ಕೆ ರಾತ್ರಿ ಕಟ್ಟುವ ಪಟ್ಟಿಯಿಂದ ಹಿಡಿದು ಸಣ್ಣ ಶಸ್ತ್ರಚಿಕಿತ್ಸೆಯವರೆಗೆ ಪರಿಹಾರಗಳಿವೆ. ನರದಲ್ಲಿ ಸಂಕೇತ ಹೇಗೆ ಸಾಗುತ್ತಿದೆಯೆಂದು ಅಳೆಯುವ ನರ ಸಂವಹನ ಪರೀಕ್ಷೆ ಮಾಡಿಸದೆ ‘ಇದು ಕಂಪನದ್ದೇ, ಏನೂ ಮಾಡಲಾಗದು’ ಎಂದು ಕೈಬಿಡುವ ವೈದ್ಯರೂ ಇದ್ದಾರೆ. ನೀವು ಆ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಿ. ಸಕ್ಕರೆ ಕಾಯಿಲೆ, ಬಿ12 ಕೊರತೆ, ಥೈರಾಯ್ಡ್ ತೊಂದರೆ ಮತ್ತು ಚರ್ಮ ಗಟ್ಟಿಯಾಗುವ ಸ್ಕ್ಲೆರೋಡರ್ಮಾದಂಥ ರೋಗಗಳೂ ಇಂಥ ಲಕ್ಷಣಗಳನ್ನು ಕೊಡಬಲ್ಲವಾದ್ದರಿಂದ ರಕ್ತಪರೀಕ್ಷೆಯೂ ಬೇಕು.

ಈಗ ಗ್ಲೌಸಿನ ವಿಷಯ. ಕಂಪನ ನಿರೋಧಕವೆಂದು ಮಾರುವ ಗ್ಲೌಸುಗಳು ಹೆಚ್ಚಿನ ಆವರ್ತನದ, ಅಂದರೆ ಸೆಕೆಂಡಿಗೆ ಹೆಚ್ಚು ಸಲ ನಡುಗುವ, ಕಂಪನವನ್ನು ಸ್ವಲ್ಪ ತಡೆಯುತ್ತವೆ. ಕಡಿಮೆ ಆವರ್ತನದಲ್ಲಿ ಅವುಗಳ ಪ್ರಯೋಜನ ಅತ್ಯಲ್ಪ. ನಿಮಿಷಕ್ಕೆ 9,000 ಸುತ್ತು ತಿರುಗುವ ಎಂಜಿನ್ನಿನ ಮುಖ್ಯ ಕಂಪನ ಸೆಕೆಂಡಿಗೆ 150 ಸಲದ ಆಸುಪಾಸಿನಲ್ಲಿರುತ್ತದೆ, ಗ್ಲೌಸು ಆಗಷ್ಟೇ ಕೆಲಸ ಆರಂಭಿಸುವ ಜಾಗ ಅದು. ದಪ್ಪ ಪದರದ ಗ್ಲೌಸ್ ಹಾಕಿದಾಗ ಹಿಡಿ ಜಾರದಂತೆ ಇನ್ನಷ್ಟು ಬಿಗಿಯಾಗಿ ಹಿಡಿಯುತ್ತೀರಿ, ಬಿಗಿ ಹೆಚ್ಚಿದಷ್ಟೂ ಕಂಪನ ಕೈಯೊಳಗೆ ಹೆಚ್ಚು ಇಳಿಯುತ್ತದೆ. ಜೊತೆಗೆ ಈಗಾಗಲೇ ಮಂದವಾಗಿರುವ ಸ್ಪರ್ಶ ಇನ್ನಷ್ಟು ಮಂದವಾಗುತ್ತದೆ. ಗ್ಲೌಸ್ ಬೇಡವೆಂದಲ್ಲ. ಕೈಯನ್ನು ಒಣದಾಗಿ, ಬೆಚ್ಚಗೆ ಇಡಲು, ತರಚು ಗಾಯ ತಡೆಯಲು ಅದು ಬೇಕೇ ಬೇಕು. ಕಂಪನಕ್ಕೆ ಮದ್ದು ಎಂದು ಅದನ್ನು ನಂಬಬೇಡಿ, ಅಷ್ಟೆ. ಮೈ ಬೆಚ್ಚಗಾಗಲೆಂದು ಬೆಳಿಗ್ಗೆ ಒಂದು ಗುಟುಕು ಮದ್ಯ ಕುಡಿಯುವ ಅಭ್ಯಾಸ ನಿಮ್ಮ ತಂಡದಲ್ಲಿ ಇದ್ದರೆ, ಅದು ಚರ್ಮದ ನಾಳಗಳನ್ನು ತೆರೆದು ದೇಹದೊಳಗಿನ ಶಾಖವನ್ನು ಹೊರಗೆ ಬಿಡುತ್ತದೆಯೆಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಹಾಗಾದರೆ ನಿಜವಾಗಿ ಉಪಯೋಗವಾಗುವುದು ಯಾವುದು? ಫಿನ್ಲೆಂಡಿನ ಸುವೊಮುಸ್ಸಲ್ಮಿ ಎಂಬ ಕಡೆ ಕಾಡಿನ ಕೆಲಸಗಾರರನ್ನು 1972ರಿಂದ 1990ರವರೆಗೆ ಮತ್ತೆ ಮತ್ತೆ ಪರೀಕ್ಷಿಸಿದರು. ಆ ಅವಧಿಯಲ್ಲಿ ಗರಗಸಗಳ ಕಂಪನ 14 ಮೀ/ಸೆ² (ಕಂಪನದ ತೀವ್ರತೆಯನ್ನು ಅಳೆಯುವ ಮಾನ) ಮಟ್ಟದಿಂದ 2ಕ್ಕೆ ಇಳಿಯಿತು. ಬೆರಳು ಬಿಳಿಚುವವರ ಪ್ರಮಾಣ ಶೇಕಡ 40ರಿಂದ 5ಕ್ಕೆ ಇಳಿಯಿತು. ಎಂಜಿನ್ನಿಗೂ ಹಿಡಿಗೂ ನಡುವೆ ರಬ್ಬರ್ ಅಥವಾ ಸ್ಪ್ರಿಂಗ್ ಇಡುವ ವಿನ್ಯಾಸದ ಕೊಡುಗೆ ಇದರಲ್ಲಿ ದೊಡ್ಡದು. ಅದೇ ಅಧ್ಯಯನದಲ್ಲಿ ಕೈ ಜೋಮಿನ ದೂರು ಶೇಕಡ 78ರಿಂದ 28ಕ್ಕೆ ಮಾತ್ರ ಇಳಿಯಿತು ಎಂಬುದನ್ನೂ ಗಮನಿಸಿ. ಬಿಳಿಚುವಿಕೆ ಇಳಿದಷ್ಟು ಜೋಮು ಇಳಿಯಲಿಲ್ಲ. ಜಪಾನಿನಲ್ಲಿ ಚೈನ್ ಗರಗಸದ ಬಳಕೆಯನ್ನು ದಿನಕ್ಕೆ ಎರಡು ಗಂಟೆಗೆ ಮಿತಿಗೊಳಿಸಿದರು. ಕಂಪನದ ತೀವ್ರತೆಯನ್ನು ಇಳಿಸುವುದು, ಕಂಪಿಸುವ ಹೊತ್ತನ್ನು ಇಳಿಸುವುದು: ತಡೆಗಟ್ಟುವ ದಾರಿಗಳು ಇವೇ ಎರಡು.

ನಿಮ್ಮ ಲೆಕ್ಕ ನೋಡೋಣ. ಐರೋಪ್ಯ ಒಕ್ಕೂಟದ 2002ರ ನಿಯಮ ಎಂಟು ಗಂಟೆಯ ದಿನಕ್ಕೆ ಸರಾಸರಿ 2.5 ಮೀ/ಸೆ² ದಾಟಿದರೆ ಉದ್ಯೋಗದಾತರು ಕ್ರಮ ಕೈಗೊಳ್ಳಬೇಕೆಂದೂ, 5 ದಾಟಲೇಬಾರದೆಂದೂ ಹೇಳುತ್ತದೆ. ಬೇರೆ ದೇಶಗಳ ತಜ್ಞರೂ ಅಳತೆಗೋಲಾಗಿ ಇದನ್ನು ಬಳಸುವುದುಂಟು. ನಿಮ್ಮ ಗರಗಸದ ಕೈಪಿಡಿಯಲ್ಲಿ ಕಂಪನದ ಅಂಕಿ ಮುದ್ರಿತವಾಗಿರುತ್ತದೆ. ಅದು 4 ಎಂದು ಇಟ್ಟುಕೊಳ್ಳಿ. ಐದು ಗಂಟೆ ಓಡಿಸಿದರೆ ದಿನದ ಸರಾಸರಿ ಸುಮಾರು 3.2 ಆಗುತ್ತದೆ. ಎಚ್ಚರಿಕೆಯ ಗೆರೆ ಆಗಲೇ ದಾಟಿತು. ಆದರೆ ಆ ಅಂಕಿ ಹೊಸ ಗರಗಸದ್ದು. ರಬ್ಬರ್ ಸವೆದು, ಚೈನ್ ಮೊಂಡಾಗಿ, ಹಲ್ಲುಗಳನ್ನು ಒಂದೊಂದನ್ನು ಒಂದೊಂದು ಉದ್ದಕ್ಕೆ ಮಸೆದಿದ್ದರೆ ಕಂಪನ ಎರಡು ಪಟ್ಟಾದರೂ ಆಶ್ಚರ್ಯವಿಲ್ಲ, ಆಗ ಅದೇ ಐದು ಗಂಟೆಗೆ ಸರಾಸರಿ 6.3. ಈ ಲೆಕ್ಕದ ಒಂದು ವಿಚಿತ್ರವನ್ನು ಕೆಲಸಗಾರರಿಗೆ ಹೇಳಿದಾಗ ಮೊದಲು ಯಾರೂ ನಂಬುವುದಿಲ್ಲ: ಕಂಪನ ಎರಡು ಪಟ್ಟಾದರೆ ಸುರಕ್ಷಿತ ಹೊತ್ತು ಅರ್ಧವಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. 5 ಮೀ/ಸೆ² ಗರಗಸವನ್ನು ಎರಡು ಗಂಟೆ ಓಡಿಸುವುದೂ, 10 ಮೀ/ಸೆ² ಗರಗಸವನ್ನು ಅರ್ಧ ಗಂಟೆ ಓಡಿಸುವುದೂ ಕೈಗೆ ಒಂದೇ. ಆದ್ದರಿಂದಲೇ ಕೈ ತೋರಿಸಲು ಬರುವವರಿಗೆ ನಾನು ಗರಗಸವನ್ನೂ ತನ್ನಿ ಎನ್ನುತ್ತೇನೆ. ಹಿಡಿಯನ್ನು ಅಲುಗಾಡಿಸಿದಾಗ ಒಂದು ಕಡೆಯ ರಬ್ಬರ್ ಹರಿದು ಲೋಹಕ್ಕೆ ಲೋಹ ತಾಗುತ್ತಿರುವ ಗರಗಸಗಳನ್ನು ಎಷ್ಟೋ ಸಲ ಕಂಡಿದ್ದೇನೆ. ಹಿಡಿದವನಿಗೆ ಅದು ಗೊತ್ತೇ ಇರುವುದಿಲ್ಲ, ಏಕೆಂದರೆ ದಿನದಿಂದ ದಿನಕ್ಕೆ ಹೆಚ್ಚುವ ನಡುಕಕ್ಕೆ ಕೈ ಒಗ್ಗಿಹೋಗಿರುತ್ತದೆ.

ನಿಮ್ಮ ಮುಂದಿರುವ ದಾರಿಗಳು ಹೀಗಿವೆ. ಎಲ್ಲಕ್ಕಿಂತ ಸುಲಭದ್ದು, ಗರಗಸವನ್ನು ಸರಿಪಡಿಸಿಕೊಂಡು ಇದೇ ಕೆಲಸದಲ್ಲಿ ಇದೇ ಹೊತ್ತು ಮುಂದುವರಿಯುವುದು. ರಬ್ಬರ್ ಬದಲಿಸುವುದಕ್ಕೆ, ಚೈನನ್ನು ದಿನಕ್ಕೆ ಹಲವು ಸಲ ಸಮವಾಗಿ ಮಸೆಯುವುದಕ್ಕೆ ಹೆಚ್ಚು ಖರ್ಚಿಲ್ಲ. ಬೇಗ ಕೊಯ್ಯಲೆಂದು ಹಲ್ಲಿನ ಮುಂದಿರುವ ಆಳ ನಿಯಂತ್ರಿಸುವ ಮೊನೆಯನ್ನು ಅತಿಯಾಗಿ ಉಜ್ಜುವವರಿದ್ದಾರೆ; ಅದರಿಂದ ಕಂಪನವೂ ಹೆಚ್ಚುತ್ತದೆ, ಗರಗಸ ಹಿಂದಕ್ಕೆ ಚಿಮ್ಮುವ ಸಂಭವವೂ ಹೆಚ್ಚುತ್ತದೆ. ಬೆರಳು ಬಿಳಿಚಲು ಈಗಷ್ಟೇ ಆರಂಭವಾದವರಿಗೆ ಇಷ್ಟು ಸಾಕಾಗಬಹುದು. ಗುಂಡಿ ಕೈಗೆ ಸಿಗದ ನಿಮಗೆ ಇದು ಸಾಕೆಂದು ನಾನು ಹೇಳಲಾರೆ, ಏಕೆಂದರೆ ಇಲ್ಲಿ ಪಣಕ್ಕಿಡುತ್ತಿರುವುದು ಮರಳಿ ಬಾರದ ಸ್ಪರ್ಶಜ್ಞಾನವನ್ನು.

ಎರಡನೆಯದು ಹೊತ್ತನ್ನು ಹಂಚಿಕೊಳ್ಳುವುದು. ಗರಗಸ ಹಿಡಿಯುವ, ದಿಮ್ಮಿ ಅಳೆದು ಗುರುತು ಹಾಕುವ, ಎಳೆಯುವ ಕೆಲಸಗಳನ್ನು ಇಬ್ಬರು ಮೂವರು ಸರದಿಯಲ್ಲಿ ಮಾಡಿದರೆ ಒಬ್ಬೊಬ್ಬರ ಕಂಪನದ ಹೊತ್ತು ಎರಡು ಗಂಟೆಯ ಆಸುಪಾಸಿಗೆ ಇಳಿಯುತ್ತದೆ. ನನ್ನ ಒಲವು ಈ ಕಡೆಗೇ. ತೊಡಕು ಇರುವುದು ಕೂಲಿಯಲ್ಲಿ: ಕಡಿದಷ್ಟಕ್ಕೆ ಹಣ ಎಂಬ ಲೆಕ್ಕದಲ್ಲಿ ವಿರಾಮವೂ ಸರದಿಯೂ ನಷ್ಟವೆನಿಸುತ್ತವೆ, ಚೈನ್ ಮಸೆಯಲು ಕೂರುವ ಹತ್ತು ನಿಮಿಷವೂ ಸೋಮಾರಿತನದಂತೆ ಕಾಣುತ್ತದೆ. ಕೂಲಿಯನ್ನು ತಂಡಕ್ಕೆ ಒಟ್ಟಾಗಿ ಲೆಕ್ಕಹಾಕುವ ಒಪ್ಪಂದವಿಲ್ಲದೆ ಸರದಿ ಬಹುಕಾಲ ನಿಲ್ಲುವುದಿಲ್ಲ ಎಂಬುದು ನನ್ನ ಅನುಭವ. ಆದ್ದರಿಂದ ಈ ಮಾತನ್ನು ಒಬ್ಬರೇ ಎತ್ತುವುದಕ್ಕಿಂತ ತಂಡವಾಗಿ ಎತ್ತುವುದು ಮೇಲು. ಜೊತೆಯವರಲ್ಲಿ ವಿಚಾರಿಸಿ ನೋಡಿ, ರಾತ್ರಿ ಕೈ ಕೊಡವಿಕೊಂಡು ಏಳುವವರು ನೀವೊಬ್ಬರೇ ಆಗಿರಲಾರಿರಿ.

ಮೂರನೆಯದು ಯಂತ್ರ ಬದಲಾವಣೆ. ಬ್ಯಾಟರಿ ಗರಗಸಗಳಲ್ಲಿ ಕಂಪನ ಸಾಮಾನ್ಯವಾಗಿ ಕಡಿಮೆ, ಆದರೂ ಮಾದರಿಯಿಂದ ಮಾದರಿಗೆ ವ್ಯತ್ಯಾಸವಿರುವುದರಿಂದ ಕೈಪಿಡಿಯ ಅಂಕಿ ನೋಡಿಯೇ ಆರಿಸಬೇಕು. ಕೊಂಬೆ ಸವರಲು ಅವು ಒಗ್ಗುತ್ತವೆ, ದಪ್ಪ ಮರಕ್ಕೆ ಹಲವು ಸಾಲವು. ಸದ್ದು ಕಡಿಮೆಯಿರುವುದರಿಂದ ಅಪಾಯವೂ ಕಡಿಮೆ ಎಂಬ ಭ್ರಮೆ ಹುಟ್ಟಿಸುವುದು ಅವುಗಳ ದೋಷ. ಚೈನ್ ಕತ್ತರಿಸುವುದರಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಚಳಿ ಹೆಚ್ಚಿರುವ ಕಡೆ ಹಿಡಿ ಬೆಚ್ಚಗಾಗುವ ಗರಗಸಗಳು ಸಿಗುತ್ತವೆ, ಬೆರಳು ಬಿಳಿಚುವವರಿಗೆ ಅವು ನಿಜಕ್ಕೂ ಉಪಯುಕ್ತ. ಕುಳಿತು ನಡೆಸುವ ಕಟಾವು ಯಂತ್ರದ ತರಬೇತಿ ಸಿಗುವಂತಿದ್ದರೆ ಅದೂ ಒಂದು ದಾರಿಯೇ, ಆದರೆ ಅಲ್ಲಿ ಕುತ್ತಿಗೆ, ಭುಜ ಮತ್ತು ಸೊಂಟದ ನೋವು ಕಾದಿರುತ್ತದೆ.

ಮಾತ್ರೆಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಯಾರಾದರೂ ಬರೆದುಕೊಡುತ್ತಾರೆ. ರಕ್ತದೊತ್ತಡಕ್ಕೆ ಬಳಸುವ ನಿಫೆಡಿಪಿನ್ ಬೆರಳು ಬಿಳಿಚುವುದನ್ನು ಕಡಿಮೆ ಮಾಡಬಲ್ಲದು. ಜೋಮಿಗೆ ಅದರಿಂದ ಪ್ರಯೋಜನವಿಲ್ಲ. ತಲೆನೋವು, ತಲೆಸುತ್ತು ಅದರ ಸಾಮಾನ್ಯ ಅಡ್ಡಪರಿಣಾಮಗಳಾದ್ದರಿಂದ ಗರಗಸ ಹಿಡಿದು ಇಳಿಜಾರಿನಲ್ಲಿ ನಿಲ್ಲುವವರಿಗೆ ಅದನ್ನು ಕೊಡುವ ಮೊದಲು ನಾನು ಎರಡು ಸಲ ಯೋಚಿಸುತ್ತೇನೆ. ನೀವು ಬೇರೆ ಕಾರಣಕ್ಕೆ ಬೀಟಾ ಬ್ಲಾಕರ್ (ರಕ್ತದೊತ್ತಡ, ಹೃದಯದ ತೊಂದರೆಗೆ ಕೊಡುವ ಮಾತ್ರೆ) ಅಥವಾ ಮೈಗ್ರೇನಿನ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ತಿಳಿಸಿ, ಅವುಗಳಲ್ಲಿ ಕೆಲವು ನಾಳಗಳನ್ನು ಇನ್ನಷ್ಟು ಬಿಗಿಯುತ್ತವೆ. ತಂಬಾಕು ಬಳಸುವವರಾದರೆ ಅದನ್ನು ಬಿಡುವುದರಿಂದ ಬೆರಳಿನ ನಾಳಗಳಿಗೆ ಆಗುವ ಉಪಕಾರ ದೊಡ್ಡದು.

ಕೆಲಸ ಬಿಡಲೇಬೇಕೇ ಎಂದರೆ, ಪರೀಕ್ಷೆಯ ಫಲಿತಾಂಶ ಬರುವ ಮೊದಲು ಹೌದೆಂದೂ ಇಲ್ಲವೆಂದೂ ಹೇಳಲಾರೆ. ನರದ ಅಂಕ ಎರಡನೇ ಹಂತ ತಲುಪಿದ್ದರೆ ಕಂಪನವನ್ನು ತೀವ್ರವಾಗಿ ಇಳಿಸಿ ಆರು ತಿಂಗಳಿಗೊಮ್ಮೆ ಮರುಪರೀಕ್ಷೆ ಮಾಡಿಸುವುದು ನನ್ನ ರೂಢಿ. ಇಳಿಸಿದರೂ ಸ್ಪರ್ಶ ಕುಂದುತ್ತಿದ್ದರೆ, ಅಥವಾ ಮೂರನೇ ಹಂತ ಮುಟ್ಟಿದ್ದರೆ, ಗರಗಸವನ್ನು ಪೂರ್ತಿ ಬಿಡಿ ಎನ್ನುತ್ತೇನೆ. ಕಾಡಿನ ಕೆಲಸ ಬಿಡಿ ಎಂದಲ್ಲ. ಹದಿಮೂರು ವರ್ಷ ಮರ ಯಾವ ಕಡೆಗೆ ವಾಲುತ್ತದೆಂದು ಓದಿದ ಕಣ್ಣಿಗೆ ಕಂಪನದಿಂದ ಏನೂ ಆಗಿಲ್ಲ. ಹೊಸಬರನ್ನು ತರಬೇತುಗೊಳಿಸುವ, ಕಡಿಯುವ ಮರಗಳನ್ನು ಗುರುತಿಸುವ ಕೆಲಸಕ್ಕೆ ಬೇಕಾದದ್ದು ಅದೇ.

ಮೇಲಿನವರಿಗೆ ತಿಳಿಸುವ ಪ್ರಶ್ನೆ ಕಠಿಣವಾದದ್ದು. ತಿಳಿಸಿದರೆ ಕೆಲಸ ಕೈತಪ್ಪಬಹುದೆಂಬ ಭಯ ಸುಳ್ಳೆಂದು ನಾನು ಹೇಳುವುದಿಲ್ಲ, ಹಾಗೆ ಆದದ್ದನ್ನು ಕಂಡಿದ್ದೇನೆ. ತಿಳಿಸದಿದ್ದರೆ ಆಗುವುದು ಇನ್ನೊಂದು ರೀತಿಯ ನಷ್ಟ: ವೃತ್ತಿರೋಗದ ಪರಿಹಾರಕ್ಕೆ ಹಲವು ಕಡೆ ಕಾಲಮಿತಿ ಇರುತ್ತದೆ, ಮತ್ತು ‘ಮೊದಲು ಯಾವಾಗ ತಿಳಿಸಿದಿರಿ’ ಎಂಬ ಪ್ರಶ್ನೆಗೆ ಬರಹದಲ್ಲಿ ಉತ್ತರವಿಲ್ಲದೆ ದಾವೆ ಬಿದ್ದುಹೋಗುತ್ತದೆ. ಮೊದಲು ವೈದ್ಯರ ವರದಿ ಕೈಯಲ್ಲಿ ಇಟ್ಟುಕೊಳ್ಳಿ, ಸಂಘವಿದ್ದರೆ ಅವರೊಂದಿಗೆ ಮಾತನಾಡಿ, ಆಮೇಲೆ ದಿನಾಂಕ ಹಾಕಿ ಲಿಖಿತವಾಗಿ ತಿಳಿಸಿ, ಒಂದು ಪ್ರತಿ ಉಳಿಸಿಕೊಳ್ಳಿ. ಗರಗಸ ಚಿಮ್ಮಿದ ಘಟನೆಯನ್ನು ಮಾತ್ರ ತಡಮಾಡದೆ ಹೇಳಿ. ಗಾಯವಾಗದೆ ತಪ್ಪಿದ ಅವಘಡದ ದಾಖಲೆ ಇಡುವ ತಂಡದಲ್ಲಿ ಯಾರೂ ಅದನ್ನು ತಪ್ಪೊಪ್ಪಿಗೆಯೆಂದು ಭಾವಿಸುವುದಿಲ್ಲ.

ಆ ಘಟನೆಯ ಬಗ್ಗೆ ಕೊನೆಯದಾಗಿ ಎರಡು ಮಾತು. ಬಾರಿನ ತುದಿಯ ಮೇಲ್ಭಾಗ ಮರಕ್ಕೆ ತಾಗಿದಾಗ ಗರಗಸ ಚಿಮ್ಮುವುದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆ, ಯಾವ ಮನುಷ್ಯನೂ ಅದಕ್ಕೆ ನೋಡಿ ಪ್ರತಿಕ್ರಿಯಿಸಲಾರ. ಕಾಯುವುದು ಮೊದಲೇ ಹಿಡಿಯನ್ನು ಸುತ್ತಿರುವ ಎಡ ಹೆಬ್ಬೆರಳು ಮತ್ತು ಚೈನ್ ಬ್ರೇಕ್, ಇವೆರಡೇ. ನಿಮ್ಮ ಹೆಬ್ಬೆರಳು ಈಗ ಸ್ಪರ್ಶದಿಂದ ಸುದ್ದಿ ಕೊಡುವುದಿಲ್ಲವಾದ್ದರಿಂದ, ಪ್ರತಿ ಕೊಯ್ತಕ್ಕೆ ಮೊದಲು ಅದನ್ನು ಕಣ್ಣಿನಿಂದ ನೋಡಿ ಖಚಿತಪಡಿಸಿಕೊಳ್ಳಬೇಕು. ಬ್ರೇಕನ್ನು ದಿನಾ ಬೆಳಿಗ್ಗೆ ಪರೀಕ್ಷಿಸಿ. ಫಲಿತಾಂಶ ಬರುವವರೆಗೆ ಭುಜದ ಮಟ್ಟಕ್ಕಿಂತ ಮೇಲೆ ಗರಗಸ ಎತ್ತಬೇಡಿ, ಬೇರೆ ಮರಕ್ಕೆ ಸಿಕ್ಕಿಕೊಂಡು ನಿಂತ ಮರದ ತಂಟೆಗೆ ಹೋಗಬೇಡಿ, ಒಬ್ಬರೇ ಕೆಲಸ ಮಾಡಬೇಡಿ. ಮುಂದಿನ ಸಲ ಬೆರಳು ಬಿಳಿಚಿದಾಗ ಬಿಳಿಗೂ ಸಹಜ ಬಣ್ಣಕ್ಕೂ ನಡುವಿನ ಗೆರೆ ಸ್ಪಷ್ಟವಾಗಿ ಕಾಣುವಂತೆ ಫೋಟೊ ತೆಗೆದಿಟ್ಟುಕೊಳ್ಳಿ. ವೈದ್ಯರ ಬೆಚ್ಚಗಿನ ಕೋಣೆಯಲ್ಲಿ ಆ ಬೆರಳು ಎಲ್ಲರ ಬೆರಳಿನಂತೆಯೇ ಕಾಣುತ್ತದೆ.